ರಸ್ತೆಯ ಮೇಲಿನ ಹುರುಳಿ

ಕೆಂಪಾಜಮ್ಮ ಹುರುಳಿ ಗಿಡಗಳನ್ನು ಟಾರು ರಸ್ತೆಯ ಮೇಲೆ ಹರಡಿ ಬೆಳಗಿನಿಂದ ಕಾಯುತ್ತಿದ್ದಳು. ಮೊದಲೆಲ್ಲ ಹೋಗಿಬರುವ ಗಾಡಿಗಳೇ ತುಳಿದು ಒಕ್ಕಣೆ ಮುಗಿಸುತ್ತಿದ್ದವು. ಈಗಿನ ಕಾರುಗಳು ತಾವೇ ದಾರಿ ನೋಡಿಕೊಂಡು ಓಡುವಂಥವು. ಹುರುಳಿ ಕಂಡರೆ ಪಕ್ಕದ ಮಣ್ಣಿಗಿಳಿದು ಹೋಗುತ್ತಿದ್ದವು. ಮೂಡಲಲ್ಲಿ ಅಕಾಲದ ಮೋಡ ಕಟ್ಟುತ್ತಿತ್ತು. ಮಳೆಗೆ ನೆನೆದರೆ ಕಾಳೆಲ್ಲ ಮೊಳೆತು ಹೋಗುವಂತಿತ್ತು.

ಪಕ್ಕದ ಮನೆಯ ನಿಂಗರಾಜುವಿನ ಕಾರಿಗೆ ಆಕೆ ಅಡ್ಡ ನಿಂತಳು.

"ಇದ್ರ ಮೇಲೆ ಹತ್ಸೋ, ನಿಂಗರಾಜ."

"ನನ್ ಮಾತೆಲ್ಲಿ ಕೇಳ್ತದಕ್ಕಾ? ನಾನು ಕೂತ್ಕಂಡ್ ಹೋಗೋನಷ್ಟೆ."

"ಹಂಗಾರೆ ನ್ಯೂಟ್ರಲ್ ಮಾಡಿ ಇಳಿ. ತಳ್ಳಾನ."

ಇಬ್ಬರೂ ಹಿಂದಿನಿಂದ ತಳ್ಳಿದರು. ಗಾಲಿಯಡಿ ಕಾಯಿಗಳು ಚಟಚಟನೆ ಒಡೆದವು.

"ಎದುರಿಗೆ ಅಡಚಣೆ ಇದೆ," ಎಂದು ಕಾರು ಎಚ್ಚರಿಸಿತು.

"ಗೊತ್ತು ಕಣಪ್ಪ, ಸುಮ್ನಿರು," ಎಂದಳು ಕೆಂಪಾಜಮ್ಮ. ಹರಡಿದ ಹುರುಳಿಯ ತುದಿ ಮುಟ್ಟಿದೊಡನೆ ಸೆರಗು ಬಿಗಿದು ಕಾರಿನ ಮುಂದಕ್ಕೆ ಬಂದಳು. "ಬಾ ನಿಂಗರಾಜ, ಈಗ ಹಿಂದಕ್ ತಳ್ಳಾನ."