ಅಮ್ಮನಿಗೆ ತಿಳಿಯಬಾರದು

ತಮ್ಮ ಪ್ಲಾಮೆನ್ ತೀರಿಕೊಂಡ ಸುದ್ದಿ ಮೊಬೈಲಿಗೆ ಬಂದಾಗ ನೆವೆನಾ ಬೀದಿಯಲ್ಲಿದ್ದಳು. ಸೊಂಟದ ಮೇಲೆ ಐದು ತಿಂಗಳ ಮಗಳು ಮೀಲಾ, ಕೈಬೆರಳು ಹಿಡಿದು ಐದು ವರ್ಷದ ಮಗ ಇಲ್ಯಾ. ತಾಯಿ ರಾಯ್ನಾ ಬಾಗಿಲು ತೆರೆದುಕೊಂಡು ಎಲ್ಲಿಗೋ ಹೊರಟುಹೋಗಿದ್ದಳು, ಅವಳನ್ನು ಹುಡುಕುತ್ತಿದ್ದರು.

"ಬೆಳಿಗ್ಗೇನೇ ಮನೆ ಫೋನಿಗೆ ಮಾಡಿದ್ದೆ ಅತ್ತಿಗೆ, ನೀವು ಸಿಗ್ಲಿಲ್ಲ," ಎಂದು ಇಟಲಿಯಿಂದ ಪ್ಲಾಮೆನ್‌ನ ಹೆಂಡತಿ ಅತ್ತಳು. ಕಟ್ಟುತ್ತಿದ್ದ ಕಟ್ಟಡದ ಸಾರುವೆಯಿಂದ ಬಿದ್ದನಂತೆ. ಮಣ್ಣು ಮಾಡುವುದೂ ಅಲ್ಲಿಯೇ ಅಂತೆ.

ರಾಯ್ನಾ ಸಿಕ್ಕಿದ್ದು ಚರ್ಚಿನ ಮೆಟ್ಟಿಲ ಮೇಲೆ, ಮನೆಯೊಳಗಿನ ಚಪ್ಪಲಿಯಲ್ಲಿ.

"ಇಲ್ಲಿಗ್ಯಾಕಮ್ಮಾ ಬಂದೆ?"

"ದಾರಿ ತಪ್ತು ಕಣೇ. ನಿನ್ನ ಮುಖ ಯಾಕೆ ಹಂಗಿದೆ?"

"ನೆಗಡಿ."

"ಹೌದಾ? ನಂಗೂ ನೆಗಡಿ."

ಮನೆ ಮುಟ್ಟುವಷ್ಟರಲ್ಲಿ ನೆವೆನಾ ನಿರ್ಧರಿಸಿಬಿಟ್ಟಿದ್ದಳು. ಅಮ್ಮನ ಮರೆವಿಗೆ ಮದ್ದಿಲ್ಲ. ಹೃದಯವೂ ದುರ್ಬಲ, ಆಘಾತ ತಡೆಯದು ಎಂದು ವೈದ್ಯರು ಹೇಳಿದ್ದರು. ತಡೆದರೂ ನಾಳೆ ಮರೆಯುತ್ತಾಳೆ, ಮತ್ತೆ ಕೇಳುತ್ತಾಳೆ, ಮತ್ತೆ ಹೇಳಬೇಕು. ಒಬ್ಬ ಮಗ ಎಷ್ಟು ಸಲ ಸಾಯಬೇಕು?

ಅವರ ಊರು ಸ್ಲಿವೆನ್‌ನಲ್ಲಿ ಯಾರು ಸತ್ತರೂ ಕಟ್ಟಡದ ಬಾಗಿಲಿಗೆ ಫೋಟೊ ಸಮೇತ ಸಾವಿನ ಪತ್ರ ಅಂಟಿಸುತ್ತಾರೆ. ನೆವೆನಾ ಅಂಟಿಸಲಿಲ್ಲ. ಕಪ್ಪು ಬಟ್ಟೆ ತೊಡಲಿಲ್ಲ. ಅಳು ಬಂದಾಗಲೆಲ್ಲ ಬಚ್ಚಲಿನ ನಲ್ಲಿ ತಿರುಗಿಸಿ ಮಗುವಿನ ಬಟ್ಟೆ ಒಗೆದಳು. ಆ ತಿಂಗಳು ಮೀಲಾಳ ಬಟ್ಟೆಗಳಷ್ಟು ಶುಭ್ರವಾದವು ಇಡೀ ಕಟ್ಟಡದಲ್ಲಿ ಇರಲಿಲ್ಲ.

ರಾಯ್ನಾ ಬಿಡಬೇಕಲ್ಲ! ಇಲ್ಯಾನ ಬೂಟನ್ನು ಫ್ರಿಜ್ಜಿನಲ್ಲಿಟ್ಟು ಮರೆಯುವಳು. ಮೊಮ್ಮಗಳ ಹೆಸರು ಮರೆಯುವಳು. ಬೆಳಿಗ್ಗೆ ಎದ್ದೊಡನೆ ಕೇಳುವ ಪ್ರಶ್ನೆಯನ್ನು ಮಾತ್ರ ಮರೆಯಳು.

"ಪ್ಲಾಮೆನ್ ಫೋನ್ ಮಾಡಿದ್ನಾ?"

"ಮಾಡಿದ್ದ. ನೀನು ಮಲಗಿದ್ದೆ."

"ಚೆನ್ನಾಗಿದಾನಂತಾ?"

"ಕಲ್ಲುಗುಂಡಿನ ಹಾಗಿದಾನಂತೆ."

"ನೋಡಿದ್ಯಾ! ನೀನು ಸುಮ್ನೆ ಚಿಂತೆ ಮಾಡ್ಬೇಡ. ಇನ್ನೆರಡು ತುತ್ತು ತಿನ್ನು."

ಸುಳ್ಳು ತನಗೆ ಇಷ್ಟು ಚೆನ್ನಾಗಿ ಒಗ್ಗುತ್ತದೆಂದು ನೆವೆನಾಗೇ ಗೊತ್ತಿರಲಿಲ್ಲ. "ನಿಮ್ಮಮ್ಮ ಪುಣ್ಯವಂತೆ ಬಿಡು, ಯಾವುದೂ ತಲೆಗೆ ಹತ್ತಲ್ಲ," ಎಂದಳು ಗುಟ್ಟು ಬಲ್ಲ ಪಕ್ಕದ ಮನೆಯ ದೋನ್ಕಾ.

ಮದುವೆಯಾದಂದಿನಿಂದ ರಾಯ್ನಾ ಶನಿವಾರ ತಪ್ಪದೆ, ಪ್ರಾರ್ಥನೆಯಲ್ಲಿ ಓದಲೆಂದು ಪಾದ್ರಿಗೆ ಎರಡು ಚೀಟಿ ಬರೆಯುವಳು: ಬದುಕಿರುವವರ ಆರೋಗ್ಯಕ್ಕೊಂದು, ಸತ್ತವರ ಶಾಂತಿಗೊಂದು. ಅದೊಂದು ರೂಢಿ ಇನ್ನೂ ಕೈಬಿಟ್ಟಿರಲಿಲ್ಲ. ನೆವೆನಾ ತರಕಾರಿಗೆ ಹೋಗುವಾಗ ಅವನ್ನು ಚರ್ಚಿನ ಬುಟ್ಟಿಗೆ ಹಾಕಿ ಓಡುವಳು. ಮಡಿಕೆ ಬಿಡಿಸಿ ನೋಡಲು ಪುರುಸೊತ್ತೆಲ್ಲಿ? ಸತ್ತವರ ಹೆಸರು ಬಾಯಿಪಾಠವಾಗಿತ್ತು: ಅಜ್ಜಿ ತೋದೋರಾ, ಅಜ್ಜ ಇವಾನ್, ಅಪ್ಪ ಪೆತ್ಕೊ.

ಪ್ಲಾಮೆನ್ ಸತ್ತ ನಲವತ್ತನೆಯ ದಿನ ಶನಿವಾರವೇ ಬಂತು. ಅಂದು ಆತ್ಮ ಈ ಲೋಕದ ಋಣ ಹರಿದುಕೊಂಡು ಹೊರಡುತ್ತದೆ, ಪ್ರಾರ್ಥನೆಯಿಲ್ಲದೆ ಕಳಿಸುವಂತಿಲ್ಲ. ದೋನ್ಕಾಳ ಒಲೆಯ ಮೇಲೆ ಗುಟ್ಟಾಗಿ, ಸತ್ತವರ ಹೆಸರಲ್ಲಿ ಹಂಚುವ ಗೋಧಿ ಬೇಯಿಸಿ, ಸಕ್ಕರೆ ಉದುರಿಸಿ, ಮಗುವನ್ನೆತ್ತಿಕೊಂಡು ನೆವೆನಾ ಚರ್ಚಿಗೆ ಹೋದಳು. ಅಮ್ಮನ ಚೀಟಿಗಳನ್ನೂ ಪಾದ್ರಿಯ ಕೈಗೇ ಕೊಟ್ಟಳು.

"ಗುರುಗಳೇ, ಇದರ ಜೊತೆಗೆ ಇನ್ನೊಂದು ಹೆಸರು ಓದಿ. ಪ್ಲಾಮೆನ್. ನನ್ನ ತಮ್ಮ. ಅಮ್ಮನಿಗೆ ಮಾತ್ರ ತಿಳೀಬಾರದು."

ಮುದಿ ಪಾದ್ರಿ ಸಿಮೆಯೊನ್ ಅವಳನ್ನು ನೋಡಿದರು, ಮಗುವನ್ನು ನೋಡಿದರು.

"ಐದು ಶನಿವಾರದಿಂದ ಬಾಯಿ ಬಿಗಿಹಿಡಿದುಕೊಂಡಿದೀನಮ್ಮ," ಎಂದು ಸತ್ತವರ ಚೀಟಿಯನ್ನು ಬಿಡಿಸಿ ಅವಳ ಮುಂದೆ ಹಿಡಿದರು.

"ತೋದೋರಾ, ಇವಾನ್, ಪೆತ್ಕೊ, ನನ್ನ ಮಗ ಪ್ಲಾಮೆನ್. ಗುರುಗಳೇ, ಅಂದು ಫೋನ್ ಎತ್ತಿದವಳು ನಾನೇ ಎಂದು ನೆವೆನಾಗೆ ಗೊತ್ತಿಲ್ಲ; ಇನ್ನೂ ಹೇಳಬೇಡಿ, ಎದೆಹಾಲು ಬತ್ತೀತು. ಅವನು ಬದುಕಿದ್ದಾನೆಂದೇ ದಿನಾ ನಂಬಿಸುತ್ತಿದ್ದೇನೆ. ಎಲ್ಲವನ್ನೂ ಮರೆಸಿದ ದೇವರು ಇದೊಂದನ್ನು ಮರೆಸಲಿಲ್ಲ. ಅವನೇ ನನ್ನ ಕೂಸಿನ ಆತ್ಮಕ್ಕೆ ಶಾಂತಿ ಕೊಡಲಿ."