ಬೀಗ ಹಾಕಿದ ಥರ್ಮೋಸ್ಟಾಟ್

“ಇದಕ್ಕೆ ತಲೆ ಕೆಟ್ಟಿದೆ. ಬೆಳಿಗ್ಗೆ ಬೇಯಿಸುತ್ತೆ, ಮಧ್ಯಾಹ್ನ ನಡುಗಿಸುತ್ತೆ!” ಹೇಳದೆ ಕೇಳದೆ ಮೆಕ್ಯಾನಿಕ್‌ನನ್ನು ಮನೆಗೆ ಕರೆತಂದ ಮೇಷ್ಟ್ರು, ತರಗತಿಯ ತುಂಟನನ್ನು ತೋರಿಸುವಂತೆ ಹಾಲ್‌ನ ಚಾವಣಿಯಲ್ಲಿದ್ದ ಬಿಸಿ-ತಂಪು ಗಾಳಿಯ ಯಂತ್ರದತ್ತ ಬೆರಳು ತೋರಿಸಿದರು.

ಮೆಕ್ಯಾನಿಕ್ ಏಣಿ ಹತ್ತಿ ಮುಚ್ಚಳ ತೆಗೆದ. “ಇದಕ್ಕೆ ತಲೆಯೇ ಇಲ್ಲ ಮೇಷ್ಟ್ರೇ, ಕೆಡೋದೆಲ್ಲಿಂದ ಬಂತು? ಒಂದು ಫ್ಯಾನು, ಎರಡು ಸುರುಳಿ ಪೈಪು. ಒಂದಕ್ಕೆ ಬಿಸಿನೀರು, ಇನ್ನೊಂದಕ್ಕೆ ತಣ್ಣೀರು, ಎರಡೂ ಬಿಲ್ಡಿಂಗ್ ಕೆಳಗಿನ ಮೆಷಿನ್ ರೂಮಿಂದ ಬರುತ್ತೆ. ಗೋಡೆ ಮೇಲಿನ ಥರ್ಮೋಸ್ಟಾಟ್‌ಗೆ ಚಳಿ ಅನ್ನಿಸಿದ್ರೆ ಬಿಸಿನೀರು ಬಿಡಿಸುತ್ತೆ, ಸೆಕೆ ಅನ್ನಿಸಿದ್ರೆ ತಣ್ಣೀರು. ಫ್ಯಾನು ಆ ಪೈಪಿನ ಮೇಲೆ ಗಾಳಿ ಊದುತ್ತೆ, ಅಷ್ಟೇ.”

“ಥರ್ಮೋಸ್ಟಾಟ್ ಯಾರೂ ಮುಟ್ಟೋ ಹಾಗಿಲ್ಲ.” ಮೇಷ್ಟ್ರು ಜೇಬಿನಿಂದ ಪುಟ್ಟ ಬೀಗದ ಕೈ ತೆಗೆದು ಆಡಿಸಿ, ದನಿ ತಗ್ಗಿಸಿದರು. “ನಮ್ಮಮ್ಮನಿಗೆ ಸದಾ ಚಳಿ, ನನ್ನ ಹೆಂಡತಿಗೆ ಸದಾ ಸೆಕೆ. ಒಬ್ಬರು ಏರಿಸೋದು, ಇನ್ನೊಬ್ಬರು ಇಳಿಸೋದು. ಕೊನೆಗೆ ಮಾತೇ ಬಿಟ್ಟರು. ಇವರ ಮಾತು ಅವರಿಗೆ ಮುಟ್ಟಿಸೋ ಅಂಚೆಯವನಾಗಿದ್ದೆ ನಾನು. ಪ್ಲಾಸ್ಟಿಕ್ ಪೆಟ್ಟಿಗೆ ಕೂರಿಸಿ ಬೀಗ ಜಡಿದೆ ನೋಡಿ, ಈಗ ಇಬ್ಬರೂ ಹಾಲು ಜೇನು!”

ಮೆಕ್ಯಾನಿಕ್ ಇಳಿದು ಪೆಟ್ಟಿಗೆ ನೋಡಿದ. ಅದರ ಮೇಲೊಂದು ಒದ್ದೆ ಬಟ್ಟೆ. ಕೆಳಗಿನ ಹಲಗೆಯ ತುಂಬಾ ಲೋಟದ ತಳದ ಗುಂಡು ಗುರುತು. ಅಷ್ಟರಲ್ಲಿ ಅತ್ತೆ ಎಲ್ಲಿಂದಲೋ ಓಡಿಬಂದು ಆ ಬಟ್ಟೆ ಕಿತ್ತುಕೊಂಡು, ಇಲ್ಲದ ಧೂಳನ್ನು ಗಸಗಸ ಒರೆಸತೊಡಗಿದರು. ಹೊಗೆಯಾಡುವ ಲೋಟ ಹಿಡಿದು ಅಡುಗೆಮನೆಯಿಂದ ಬಂದ ಸೊಸೆ ಗಂಡನನ್ನು ಕಂಡವಳೇ ಲೋಟವನ್ನು ಮೆಕ್ಯಾನಿಕ್‌ನ ಕೈಗೆ ತುರುಕಿದಳು.

“ಕುಡೀರಿ ಅಣ್ಣ, ಸುಸ್ತಾಗಿರ್ತೀರಿ.”

ಕಾಫಿಯೆಂದು ಹೀರಿದ. ಬರೀ ಬಿಸಿನೀರು! ಒದ್ದೆ ಬಟ್ಟೆ ಹಾಕಿದರೆ ಥರ್ಮೋಸ್ಟಾಟ್‌ಗೆ ಚಳಿ, ಮನೆಗೆಲ್ಲ ಬಿಸಿಗಾಳಿ. ಬಿಸಿ ಲೋಟ ಇಟ್ಟರೆ ಅದಕ್ಕೆ ಸೆಕೆ, ಮನೆಗೆಲ್ಲ ತಂಪು. ಬೆಳಿಗ್ಗೆ ಅತ್ತೆಯ ಸರದಿ, ಮಧ್ಯಾಹ್ನ ಸೊಸೆಯದು. ಮೆಕ್ಯಾನಿಕ್‌ಗೆ ನಗು ತಡೆಯುವುದೇ ಕಷ್ಟವಾಯಿತು.

“ಮೆಷಿನ್ ಸರಿಯಾಗಿದೆ ಮೇಷ್ಟ್ರೇ. ಈ ಗೋಡೆಗೇ ಸ್ವಲ್ಪ ಮೂಡು ಜಾಸ್ತಿ.”

ಮೇಷ್ಟ್ರು ಏಣಿಯನ್ನು ಹೊರಗಿಡಲು ಹೋದರು.

“ಹೇಳೇ ಬಿಡ್ತೀಯೇನೋ ಅಂತ ಎದೆ ಧಸಕ್ಕಂತು ಕಣಪ್ಪಾ,” ಎಂದರು ಅತ್ತೆ.

“ಬೀಗ ಬಿದ್ದ ಮೇಲೇನೇ ನಾವು ಮಾತಾಡೋಕೆ ಶುರು ಮಾಡಿದ್ದು ಅಣ್ಣ,” ಸೊಸೆ ಪಿಸುಗುಟ್ಟಿದಳು. “ಒಬ್ಬರು ಇಡಬೇಕು, ಒಬ್ಬರು ಬಾಗಿಲು ಕಾಯಬೇಕು. ಒಬ್ಬರ ಕೈಲಾಗೋ ಕೆಲಸ ಅಲ್ಲ.”

ಅತ್ತೆ ಸೊಸೆಯ ಬೆನ್ನಿಗೆ ಮೆಲ್ಲಗೆ ಗುದ್ದಿ ಕಿಸಕ್ಕನೆ ನಕ್ಕರು.

ಮೇಷ್ಟ್ರು ಒಳಬಂದು ಬೀಗದ ಕೈ ತೆಗೆದರು. “ಹೇಗೂ ಈಗ ಜಗಳ ಇಲ್ಲ. ಬೀಗ ತೆಗೆದೇ ಬಿಡಲಾ?”

“ಬೇಡ!” ಮೂರು ಬಾಯಿಂದಲೂ ಒಟ್ಟಿಗೇ ಬಂತು.

ತಮ್ಮ ಶಿಸ್ತಿಗೆ ಸಿಕ್ಕ ಮರ್ಯಾದೆಗೆ ಮೇಷ್ಟ್ರು ಉಬ್ಬಿಹೋಗಿ, ಬೀಗದ ಕೈಯನ್ನು ಮತ್ತೆ ಜೇಬಿಗೆ ಇಳಿಸಿ, ಮೇಲಿಂದ ಎರಡು ಸಲ ತಟ್ಟಿಕೊಂಡರು.