ದಿನ್ನೆ ಹೊಲದ ತಕರಾರು

ನಲವತ್ತೊಂದನೆಯ ಗುರುತು ಮುದುಕವ್ವನ ಹೆಬ್ಬೆಟ್ಟಿನದು. ಮಸಿ ಆರಲೂ ಬಿಡದೆ ಅಮರಪ್ಪ ಅರ್ಜಿಯ ಹಾಳೆಯನ್ನು ಎಳೆದುಕೊಂಡ. ಬೆಂಗಳೂರಿನ ಅಂಚಿನ ಮಾಕಳಿಯ ಶೀಟು ಮನೆಗಳ ಸಾಲಿನಲ್ಲಿ ಗದಗಿನ ಕಡೆಯ ಅವನ ಊರಿನವರು ಇನ್ನೂ ಹತ್ತು ಮಂದಿ ಇದ್ದರು. ಭಾನುವಾರ ಮುಗಿಯುವುದರೊಳಗೆ ಅವರನ್ನೂ ಹಿಡಿಯಬೇಕಿತ್ತು.

ಊರ ಸುತ್ತ ಹತ್ತೊಂಬತ್ತು ಗಾಳಿಯಂತ್ರ ನಿಲ್ಲಿಸಲು ಒಂದು ಕಂಪನಿ ಬಂದಿತ್ತು. ಗಾಳಿ ನಮ್ಮದು, ಕರೆಂಟು ಬೆಂಗಳೂರಿಗೆ. ಕುರಿ ಮೇಯಿಸಲು ಜಾಗವಿಲ್ಲ, ಪಂಪ್‌ಸೆಟ್ಟಿಗೆ ದಿನಕ್ಕೆ ಎರಡು ತಾಸೂ ಕರೆಂಟಿಲ್ಲ. ಇದು ಅಮರಪ್ಪ ಬರೆದ ಅರ್ಜಿಯ ಸಾರಾಂಶ. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಇದ್ದದ್ದನ್ನು ಹೇಳಿಬಿಡಬೇಕು: ಕುರಿಗಾಗಲಿ ಪಂಪ್‌ಸೆಟ್ಟಿಗಾಗಲಿ ಅವನು ಎಂದೂ ನಿದ್ದೆಗೆಟ್ಟವನಲ್ಲ. ಅವನ ನಿದ್ದೆ ಕೆಡಿಸಿದ್ದು ಹತ್ತೊಂಬತ್ತರಲ್ಲಿ ಒಂದೇ ಒಂದು ಯಂತ್ರ. ಅದು ಅವನ ಅಣ್ಣ ಸಂಗಣ್ಣನ ದಿನ್ನೆ ಹೊಲದಲ್ಲಿ ಏಳಲಿತ್ತು. ಮೂವತ್ತು ವರ್ಷ, ಕೂತಲ್ಲಿಗೆ ಬಾಡಿಗೆ.

ಹೊಲ ಪಾಲಾದ ದಿನ ಪದ್ಧತಿಯಂತೆ ದೊಡ್ಡವನು ಪಾಲು ಮಾಡಿದ್ದ, ಚಿಕ್ಕವನು ಮೊದಲು ಆರಿಸಿಕೊಂಡಿದ್ದ. ಅಮರಪ್ಪ ಹಿಂದೆಮುಂದೆ ನೋಡದೆ ಹಳ್ಳದ ದಂಡೆಯ ಎರೆಹೊಲಕ್ಕೆ ಕೈ ತೋರಿಸಿದ. ಬರೀ ಕಲ್ಲಿನ ದಿನ್ನೆ ಅಣ್ಣನಿಗೆ ಉಳಿಯಿತು. ಸಂಗಣ್ಣ ಚಕಾರ ಎತ್ತಲಿಲ್ಲ. ಹಿರಿಯರು ಎಲೆಯಡಿಕೆ ಹಂಚಿದರು, ಮಾತು ಮುಗಿಯಿತು. ಅಪ್ಪ ಬರೆಸಿಟ್ಟಿದ್ದ ಹಳೆಯ ಕಾಗದಗಳನ್ನು ತಿದ್ದಿಸಲೆಂದು ಯಾರೂ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಲಿಲ್ಲ, ಅಮರಪ್ಪ ಅವನ್ನು ಬಿಚ್ಚಿ ನೋಡಲೂ ಇಲ್ಲ. ಅಮರಪ್ಪ ಎರೆಹೊಲವನ್ನು ಬೇರೊಬ್ಬರಿಗೆ ಪಾಲಿಗೆ ಕೊಟ್ಟು ಪೀಣ್ಯಕ್ಕೆ ಬಂದ. ಆಯ್ಕೆ ತನ್ನದೇ ಆಗಿತ್ತಲ್ಲ ಎಂಬುದೇ ಈಗ ಅವನ ಹೊಟ್ಟೆಯನ್ನು ಹೆಚ್ಚು ಉರಿಸುತ್ತಿತ್ತು.

ಹದಿಮೂರು ವರ್ಷದಿಂದ ಅವನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಗಾಳಿಯಂತ್ರದ ಕಂಬಕ್ಕೆ ಹಾಕುವ ಉಕ್ಕಿನ ರಿಂಗುಗಳನ್ನೇ ಉಜ್ಜುತ್ತಿದ್ದ. ಧೂಳು ಕುಡಿದು ಕುಡಿದು ಎದೆ ಗೊರಗೊರ ಎನ್ನುತ್ತಿತ್ತು. ಈ ಕೆಲಸ ಬಿಡದಿದ್ದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಹೆಂಡತಿ ನೀಲಾಂಬಿಕಾ ಊರಿಗೆ ಹೋಗೋಣವೆಂದು ಕೈ ಮುಗಿದು ಕೇಳುತ್ತಿದ್ದಳು. ಆದರೆ ಮಳೆ ನಂಬಿದ ಹೊಲದಿಂದ ಮನೆ ನಡೆಯಬೇಕಲ್ಲ. ಇನ್ನೊಂದು ಆದಾಯದ ದಾರಿ ಕಾಣುವ ತನಕ ಊರಿನ ಮಾತು ಎತ್ತಬೇಡವೆಂದು ಅಮರಪ್ಪ ಅವಳ ಬಾಯಿ ಮುಚ್ಚಿಸಿದ್ದ.

"ನಾ ಎದಿ ಸುಟಗೊಂಡು ಉಜ್ಜಿದ ರಿಂಗು, ಅವನ ಹೊಲದಾಗ ನಿಂತು ಅವನಿಗೆ ರೊಕ್ಕ ಉದುರಸಬೇಕನ?" ಎನ್ನುತ್ತಿದ್ದ.

ಮನೆ ಮಾಲೀಕಳಾದ ವೆಂಕಟಮ್ಮ ಅರ್ಜಿಯ ಸುದ್ದಿ ಕೇಳಿ ನಕ್ಕಿದ್ದಳು. "ನಮ್ಮೂರಿಗೆ ಕರೆಂಟು ಬರಬಾರ್ದು ಅಂತ ನಮ್ಮ ಮನೇಲೇ ಕುಂತು ಬರೀತಿದ್ದೀಯಲ್ಲಪ್ಪಾ. ಲೈಟಾದ್ರೂ ಆರಿಸ್ಕೊಂಡು ಬರಿ." ಅಮರಪ್ಪನಿಗೆ ನಗು ಬರಲಿಲ್ಲ.

ಆ ವಾರ ಸಂಗಣ್ಣನ ಫೋನು ಮೂರು ಸಲ ಬಂತು. ಮೂರು ಸಲವೂ ಅಮರಪ್ಪ ಕತ್ತರಿಸಿದ. ನಾಲ್ಕನೆಯ ಸಲ ನೀಲಾಂಬಿಕಾ ಎತ್ತಿ ಅವನ ಕಿವಿಗೇ ಹಿಡಿದಳು.

"ತಮ್ಮಾ, ಒಂದಿನ ಬಂದು ಹೋಗಪಾ. ನೀ ಬರದಿದ್ರ ದಿನ್ನಿ ಮ್ಯಾಲ ಕಂಬ ಏಳಂಗಿಲ್ಲ. ಉಳಿದದ್ದು ಎದುರಾಎದುರು ಹೇಳ್ತೀನಿ."

ಅಮರಪ್ಪ ಫೋನು ಇಟ್ಟ. ಕಂಬದ ಪೂಜೆಗೆ ಕರೆಯುತ್ತಿದ್ದಾನೆ, ಹಾರ ಹಾಕಿಸಿಕೊಂಡು ಮೆರೆಯುವುದನ್ನು ತಮ್ಮನೂ ನೋಡಲಿ ಎಂದು. ಅಷ್ಟು ದೊಡ್ಡ ಮನುಷ್ಯನಾಗಿಬಿಟ್ಟನೇ ಸಂಗಣ್ಣ? ಆ ಮಾತಿನಲ್ಲಿ ಗರ್ವದ ಸುಳಿವೇ ಇರಲಿಲ್ಲವೆಂದು ನೀಲಾಂಬಿಕಾ ಹೇಳಹೋದಳು. ನಿನಗೆ ಭಾವನ ಮೇಲೆ ಅಷ್ಟು ಪ್ರೀತಿಯಿದ್ದರೆ ನೀನೇ ಹೋಗು ಎಂದ.

ಅಂದೇ ಸಂಜೆ ಅವನು ಐವತ್ತೊಂದು ಗುರುತುಗಳ ಕೆಳಗೆ ತನ್ನ ಕೈಯಾರೆ ಒಂದು ಸಾಲು ಸೇರಿಸಿದ. ಮುಖ್ಯವಾಗಿ ನಮ್ಮ ಮನೆತನದ ದಿನ್ನೆ ಹೊಲದಲ್ಲಿ ಗಾಳಿಯಂತ್ರ ನಿಲ್ಲಿಸುವುದಕ್ಕೆ ನನ್ನ ಸಂಪೂರ್ಣ ವಿರೋಧವಿದೆ, ಎಂದೆಂದಿಗೂ ಒಪ್ಪುವುದಿಲ್ಲ ಎಂದು ಬರೆದು, ಅಪ್ಪನ ಹೆಸರು, ಊರು, ಮಾಕಳಿಯ ವಿಳಾಸ ಎಲ್ಲ ಹಾಕಿ ಪ್ರತ್ಯೇಕವಾಗಿ ರುಜು ಮಾಡಿದ. ಮರುದಿನ ಅರ್ಧ ದಿನದ ಪಗಾರ ಕಳೆದುಕೊಂಡು ಕಂಪನಿಗೆ ರಿಜಿಸ್ಟರ್ ಅಂಚೆ ಮಾಡಿ ಬಂದ.

ಒಂದು ತಿಂಗಳಿಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಹದಿನೆಂಟು ಯಂತ್ರಗಳು ಹೇಳಿದ ಜಾಗದಲ್ಲೇ ಏಳುತ್ತವೆ. ದಿನ್ನೆ ಹೊಲದ್ದೊಂದು ಮಾತ್ರ ಬೇರೆಯವರ ಹೊಲಕ್ಕೆ ಹೋಯಿತು.

ಸಹಿ ಹಾಕಿದವರೆಲ್ಲ ಪೆಚ್ಚಾದರು. ಮುದುಕವ್ವ ತನ್ನ ಮಗನ ಕುರಿಗಳ ಗತಿಯೇನೆಂದು ಕಣ್ಣೊರೆಸಿಕೊಂಡಳು. ಅಮರಪ್ಪ ಮಾತ್ರ ಇಡೀ ಸಾಲಿಗೆ ಮಿರ್ಚಿ ಬಜ್ಜಿ ಹಂಚಿದ. ಕೆಮ್ಮುತ್ತಲೇ ನಕ್ಕ. ಅಷ್ಟು ಚೆನ್ನಾಗಿ ಅವನು ನಕ್ಕು ವರ್ಷಗಳಾಗಿದ್ದವು. ನೀಲಾಂಬಿಕಾ ಮಿರ್ಚಿ ಮುಟ್ಟಲಿಲ್ಲ.

ನಾಲ್ಕನೆಯ ದಿನ ಕಂಪನಿಯ ರಿಜಿಸ್ಟರ್ ಪತ್ರ ಬಂತು. ತನ್ನ ಗೆಲುವನ್ನು ಹೆಂಡತಿಯ ಬಾಯಿಂದಲೇ ಕೇಳುವ ಆಸೆ ಅವನಿಗೆ. ಗೋಡೆಗೆ ಒರಗಿ, ಗಟ್ಟಿಯಾಗಿ ಓದು ಎಂದ.

ಐವತ್ತೊಂದು ಜನರ ಆಕ್ಷೇಪಣೆಯನ್ನು ಪರಿಗಣಿಸಲು ಆಗಲಿಲ್ಲ ಎಂದು ಅವಳು ಓದಿದಳು. ಜಮೀನಿನ ಮಾಲೀಕರೇ ವಿರೋಧಿಸಿದಲ್ಲಿ ಮಾತ್ರ ಜಾಗ ಬದಲಿಸುವುದು ನಿಯಮ ಎಂದಿತ್ತು ಮುಂದಿನ ಸಾಲು.

"ಮಾಲೀಕ ಸಂಗಣ್ಣ. ಅವನ್ಯಾಕ ವಿರೋಧ ಮಾಡ್ಯಾನು?" ಎಂದ ಅಮರಪ್ಪ.

ನೀಲಾಂಬಿಕಾ ಉಳಿದದ್ದನ್ನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಗಂಡನ ಮುಖ ನೋಡಿದಳು. ಆಮೇಲೆ, ಅವನು ಹೇಳಿದ ಹಾಗೆಯೇ, ಗಟ್ಟಿಯಾಗಿ ಓದಿದಳು:

"ದಿನ್ನೆ ಹೊಲದ ಪಹಣಿ ತಮ್ಮ ತಂದೆಯವರು ಬರೆಸಿದಂತೆ ಇಂದಿಗೂ ಅಮರಪ್ಪ ಎಂಬ ತಮ್ಮ ಹೆಸರಿನಲ್ಲೇ ಇದ್ದು, 'ಬಾಡಿಗೆ ಪೂರ್ತಿ ನನ್ನ ತಮ್ಮನಿಗೇ ಸೇರಲಿ, ಅವನ ಎದೆ ಕೆಟ್ಟಿದೆ, ಊರಿಗೆ ಬಂದು ಬದುಕಿಕೊಳ್ಳಲಿ' ಎಂದು ತಮ್ಮ ಅಣ್ಣ ಸಂಗಣ್ಣನವರು ಬರೆದುಕೊಟ್ಟಿದ್ದರೂ, ತಮ್ಮ ತಕರಾರಿನ ಮೇರೆಗೆ ತಮ್ಮ ಹೆಸರಿನ ಕರಾರನ್ನು ರದ್ದುಪಡಿಸಲಾಗಿದೆ."